ಮುದ್ದೇನಕಟ್ಟೆಯ ಹತ್ತು ದಿನದ ಮಳೆ

ಮುದ್ದೇನಕಟ್ಟೆಯಲ್ಲಿ ಮಳೆ ಅಳೆಯುವ ಗಾಜಿನ ಲೋಟ ಒಡೆದದ್ದು ತೊಂಬತ್ತೊಂಬತ್ತನೇ ಇಸವಿಯ ದೀಪಾವಳಿಯ ಹಿಂದಿನ ದಿನ. ಒಡೆದದ್ದು ಒಂದು ಮೇಕೆ. ಆದರೆ ಆ ಸದ್ದು ಊರಿನ ಆರೋಗ್ಯ ಸಹಾಯಕ ಪುಟ್ಟರಂಗಯ್ಯನ ಕಿವಿಗೆ ಬಿದ್ದದ್ದು ಎರಡು ವರ್ಷ ತಡವಾಗಿ, ಒಂದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ. ಬೇರೆ ಯಾವ ದಿನ ಬಿದ್ದಿದ್ದರೂ ಅವನು ನಕ್ಕು ಸುಮ್ಮನಾಗುತ್ತಿದ್ದ.

ಪುಟ್ಟರಂಗಯ್ಯನ ಶನಿವಾರವೆಂದರೆ ನಾಲ್ಕು ಬಸ್ಸು. ಮುದ್ದೇನಕಟ್ಟೆಯಿಂದ ಚೇಳೂರಿಗೆ ಒಂದು, ಚೇಳೂರಿಂದ ಗುಬ್ಬಿಗೆ ಒಂದು, ಗುಬ್ಬಿಯಿಂದ ತುಮಕೂರಿಗೆ ಒಂದು, ತುಮಕೂರಿಂದ ಕುಣಿಗಲ್ಲಿಗೆ ಒಂದು. ಕುಣಿಗಲ್ಲಿನಲ್ಲಿ ಅವನ ಹೆಂಡತಿ ಮಂಜುಶ್ರೀ ಪ್ರೈಮರಿ ಶಾಲೆಯ ಮೇಡಂ. ಮದುವೆಯಾಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದ ದಿನಗಳನ್ನು ಕೂಡಿಸಿದರೆ ಎರಡು ವರ್ಷವೂ ಆಗುತ್ತಿರಲಿಲ್ಲ.

ಆ ಬಸ್ಸುಗಳನ್ನು ನೆನೆದರೆ ಈಗಲೂ ಮನಸ್ಸು ಮೆತ್ತಗಾಗುತ್ತದೆ. ಕೈಯಲ್ಲಿ ಫೋನು ಇಲ್ಲದ ಕಾಲ. ಜನ ಒಂದೋ ಕಿಟಕಿಯಾಚೆ ನೋಡುತ್ತಿದ್ದರು, ಇಲ್ಲವೇ ಪಕ್ಕದವರ ಮನೆ ವಿಚಾರ ಕೇಳುತ್ತಿದ್ದರು. ಡ್ರೈವರ್ ಹಾಕಿದ ಒಂದೇ ಕ್ಯಾಸೆಟ್ಟು ಗುಬ್ಬಿ ಮುಟ್ಟುವುದರೊಳಗೆ ಎರಡು ಸಲ ತಿರುಗುತ್ತಿತ್ತು. ಹಲಸಿನ ಕಾಲದಲ್ಲಿ ಚೇಳೂರಿನಲ್ಲಿ ಬಸ್ಸು ಹತ್ತಿದವನು ಇಳಿಯುವಾಗ ತಾನೇ ಒಂದು ತೊಳೆಯಂತೆ ಘಮಗುಟ್ಟುತ್ತಿದ್ದ. ಗುಬ್ಬಿ ಸ್ಟ್ಯಾಂಡಿನಲ್ಲಿ ಎರಡು ಮೊಳ ಕನಕಾಂಬರ, ತುಮಕೂರು ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಖಾರಾಬೂಂದಿ. ಕೊನೆಗೆ ಕುಣಿಗಲ್ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಪುಟ್ಟರಂಗಯ್ಯ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ. ಪ್ರತಿ ವಾರವೂ ಹೆಣ್ಣು ನೋಡಲು ಹೊರಟ ವರನಂತೆ ಹೋಗುತ್ತಿದ್ದ ಗಂಡ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬನಿದ್ದನೋ ಇಲ್ಲವೋ ಗೊತ್ತಿಲ್ಲ.

ಅಂಥವನಿಗೆ ಈಗ ಕುಣಿಗಲ್ಲಿಗೇ ವರ್ಗವಾಗುವ ಯೋಗ ಬಂದಿತ್ತು. ಅಲ್ಲಿ ಒಂದು ಜಾಗ ಖಾಲಿಯಾಗಿತ್ತು. ಮುದ್ದೇನಕಟ್ಟೆ ಆಸ್ಪತ್ರೆಯ ಡಾಕ್ಟರು ಲಕ್ಷ್ಮೀಕಾಂತ್ ಅರ್ಜಿಗೆ ಶಿಫಾರಸು ಬರೆದು, "ಪುಟ್ಟರಂಗಯ್ಯ, ಶನಿವಾರ ಬೆಂಗಳೂರಿಂದ ಸಂಶೋಧನೆಯವರು ಬರ್ತಾರೆ. ಅವರು ನಿಮ್ಮ ಕೆಲಸ ನೋಡಿ ಒಂದು ಒಳ್ಳೇ ಮಾತು ಹೇಳಿಬಿಟ್ಟರೆ ಸೋಮವಾರ ಆರ್ಡರ್ ಮಾಡಿಸ್ತೀನಿ" ಎಂದಿದ್ದರು.

ಆ ಸಂಶೋಧನೆಯ ವಿಷಯ ಇಷ್ಟು. ತೊಂಬತ್ತೆಂಟರಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳು ಕೈಜೋಡಿಸಿದ್ದವು. ಒಂದು ಹವಾಮಾನದವರದು, ಇನ್ನೊಂದು ಸಾರ್ವಜನಿಕ ಆರೋಗ್ಯದವರದು. ಹವಾಮಾನ ಬದಲಾಗುತ್ತಿದೆ, ಮಳೆ ದಾರಿ ತಪ್ಪುತ್ತಿದೆ. ಅದರ ಹಿಂದೆಯೇ ಜ್ವರವೂ ದಾರಿ ಬದಲಿಸುತ್ತಿದೆಯೇ ಎನ್ನುವುದು ಅವರ ಪ್ರಶ್ನೆ. ಮಳೆ ಬಲ್ಲವರಿಗೆ ಜ್ವರ ಗೊತ್ತಿಲ್ಲ, ಜ್ವರ ಬಲ್ಲವರಿಗೆ ಮಳೆ ಗೊತ್ತಿಲ್ಲ. ಇಬ್ಬರೂ ಬೀಗರಾಗಿ ಒಂದೇ ಪಂಕ್ತಿಯಲ್ಲಿ ಕೂತರೆ ಉತ್ತರ ಸಿಕ್ಕೀತೆಂದು ಕೆಲವು ಹಳ್ಳಿಗಳನ್ನು ಆರಿಸಿದರು. ಮುದ್ದೇನಕಟ್ಟೆಯೂ ಅದರಲ್ಲಿ ಒಂದು. ಆಸ್ಪತ್ರೆಯ ಅಂಗಳದಲ್ಲಿ ಮಳೆಮಾಪಕ ನೆಟ್ಟು, ಅದರ ಪುಸ್ತಕವನ್ನು ಕೆರೆಯ ತೂಬಿನಿಂದ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಚಿಕ್ಕಬೋರಯ್ಯನಿಗೆ ಕೊಟ್ಟರು. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬದ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಎಷ್ಟು ಮಿಲಿಮೀಟರ್ ಎಂದು ಬರೆಯುವುದು ಅವನ ಕೆಲಸ. ಜ್ವರದ ಪುಸ್ತಕ ಪುಟ್ಟರಂಗಯ್ಯನದು. ಮನೆಮನೆ ಸುತ್ತಿ ಹೊಸದಾಗಿ ಜ್ವರ ಬಂದವರು ಎಷ್ಟು ಜನ ಎಂದು ದಿನಾ ಬರೆಯಬೇಕು.

ಪುಟ್ಟರಂಗಯ್ಯ ಸುತ್ತುತ್ತಿರಲಿಲ್ಲವೆಂದಲ್ಲ. ಜ್ವರದವರಿಗೆ ಮಾತ್ರೆ ಕೊಡುತ್ತಿದ್ದ, ಬಂದುಹೋದ ಗುರುತಿಗೆ ಮನೆ ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆಯುತ್ತಿದ್ದ. ಆದರೆ ಶನಿವಾರ ಮಧ್ಯಾಹ್ನ ಹೋದವನು ಬರುತ್ತಿದ್ದದ್ದು ಸೋಮವಾರ ಮಧ್ಯಾಹ್ನ. ನಡುವಿನ ಸಾಲುಗಳನ್ನು ಖಾಲಿ ಬಿಡುವಂತಿಲ್ಲ. ತುಮಕೂರಿನ ತರಬೇತಿಯಲ್ಲಿ ಹೇಳಿದ ಒಂದು ಮಾತು ಅವನ ನೆನಪಿನಲ್ಲಿತ್ತು: ಮಳೆ ಬಂದು ನೀರು ನಿಂತರೆ ಸುಮಾರು ಹತ್ತು ದಿನಕ್ಕೆ ಸೊಳ್ಳೆ, ಸೊಳ್ಳೆಯ ಹಿಂದೆ ಜ್ವರ. ಸರಿ, ಚಿಕ್ಕಬೋರಯ್ಯನ ಪುಸ್ತಕ ತೆಗೆದು ಹತ್ತು ದಿನದ ಹಿಂದಿನ ಮಳೆ ನೋಡುವುದು, ಎರಡು ಮಿಲಿಮೀಟರಿಗೆ ಒಬ್ಬನಂತೆ ಜ್ವರ ಬರೆಯುವುದು. ನಾಲ್ಕು ಇದ್ದರೆ ಎರಡು, ಎಂಟು ಇದ್ದರೆ ನಾಲ್ಕು. ಮೊದಮೊದಲು ಶನಿವಾರ ಭಾನುವಾರಕ್ಕೆ ಮಾತ್ರ. ಆಮೇಲೆ ಕಳ್ಳ ಎತ್ತಿಗೆ ಹೊಲದ ರುಚಿ ಹತ್ತಿದಂತೆ ವಾರವೆಲ್ಲ ಹಾಗೇ ನಡೆಯಿತು. ಹತ್ತು ದಿನದ ಹಿಂದೆ ನಿಜವಾಗಿ ಮಳೆ ಬಂದಿತ್ತೇ ಎಂದು ಯಾರಿಗೆ ನೆನಪಿರುತ್ತದೆ? ಮಳೆಯ ಪುಸ್ತಕವಾದರೂ ನಿಜವಿರುತ್ತದಲ್ಲ ಎನ್ನುವುದು ಅವನ ಧೈರ್ಯ.

ಎರಡು ಸಾವಿರದ ಒಂದರ ಆ ಅಕ್ಟೋಬರ್ ಶನಿವಾರ ಅವನು ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಬ್ಯಾಗಿಗೆ ಕೊಬ್ಬರಿ ತುಂಬಿಟ್ಟು, ಜ್ವರದ ಪುಸ್ತಕ ಕಂಕುಳಲ್ಲಿರಿಸಿಕೊಂಡು ಚಿಕ್ಕಬೋರಯ್ಯನ ಮನೆಗೆ ಹೋದ.

"ಬೋರಣ್ಣ, ಮಳೆ ಬುಕ್ಕು ಕೊಡು. ಹನ್ನೊಂದು ಗಂಟೆಗೆ ಬೆಂಗ್ಳೂರೋರು ಬರ್ತಾರೆ. ನಂದು ಮೂರ್ನಾಲ್ಕು ದಿನದ್ದು ಬಾಕಿ ಐತೆ."

ಜಗಲಿಯ ಮೇಲೆ ಕೂತಿದ್ದ ಚಿಕ್ಕಬೋರಯ್ಯ ಬೇವಿನ ಕಡ್ಡಿ ಬಾಯಿಂದ ತೆಗೆದ. "ಮೊದ್ಲು ನಿಮ್ ಬುಕ್ಕು ಕೊಡಿ ಸಾ. ಅದ್ ನೋಡ್ದೆ ನಾನ್ ಹೆಂಗ್ ಬರೀಲಿ?"

"ಮಳೆ ಬರೆಯೋಕೆ ಜ್ವರದ ಬುಕ್ಕು ಯಾಕೆ ಬೇಕು?"

"ಅದ್ರಲ್ ತಾನೆ ಸಾ ಗೊತ್ತಾಗೋದು, ಎಷ್ಟು ಮಳೆ ಬಂತು ಅಂತ."

ಪುಟ್ಟರಂಗಯ್ಯ ಜಗಲಿಯ ಮೇಲೆಲ್ಲ ಕಣ್ಣಾಡಿಸಿದ. "ಲೋಟ ಎಲ್ಲಿ ಬೋರಣ್ಣ?"

"ಮೇಕೆ ಒದ್ದುಬುಡ್ತು."

"ಯಾವಾಗ?"

"ಹೋದ್ ದೀಪಾವಳಿ ಅಲ್ಲ, ಅದ್ರಾಚೆ ದೀಪಾವಳಿಗೆ. ಹೇಳಿದ್ರೆ ನನ್ ತಲೆ ಮ್ಯಾಲೆ ಹಾಕ್ತಾರೆ ಅಂತ ಸುಮ್ನಾದೆ. ಆಮೇಲೆ ಯೋಚ್ನೆ ಮಾಡ್ದೆ. ನೀವು ಓದ್ದೋರು, ಮನೆಮನೆ ತಿರುಗಿ ಜ್ವರ ಎಣ್ಸಿ ಬರೀತೀರ. ಮಳೆ ಬಂದ್ರೆ ತಾನೆ ಜ್ವರ? ಒಬ್ಬ ಜ್ವರದೋನಿಗೆ ಎರಡು ಮಿಲ್ಲಿ ಮಳೆ ಅಂತ ಹಾಕ್ಕೊಂಡು ಬತ್ತಾ ಇದೀನಿ. ಆಯಾ ಕರಿಬಸಮ್ಮನ ಟೀ ಕುಡ್ಯಾಕೆ ಆಸ್ಪತ್ರೆಗೆ ಬತ್ತೀನಲ್ಲ, ನೀವು ಹೊರಗ್ ಹೋದಾಗ ನಿಮ್ ಬುಕ್ಕು ನೋಡ್ಕತೀನಿ."

"ಮಳೆ ಬರ್ದೇ ಇದ್ದ ದಿನಾನೂ ಹಾಕಿದ್ಯಾ?"

"ನಾನು ಮಲ್ಗಿದ್ದಾಗ ಬಂದಿರ್ಬೈದು ಅಂದ್ಕಂಡೆ ಸಾ. ನೀವೇನು ಸುಳ್ಳು ಬರೀತೀರಾ?"

ಆ ಕಡೆಯ ಮಾತು ಪುಟ್ಟರಂಗಯ್ಯನಿಗೆ ಕೆನ್ನೆಗೆ ಬಿದ್ದಂತಾಯಿತು. ಅವನು ಜಗಲಿಯ ಮೇಲೆ ಕುಸಿದು ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಬಿಚ್ಚಿಟ್ಟ. ಇವತ್ತಿನ ಜ್ವರ ಹತ್ತು ದಿನದ ಹಿಂದಿನ ಮಳೆಯಿಂದ. ಇವತ್ತಿನ ಮಳೆ ಇವತ್ತಿನ ಜ್ವರದಿಂದ. ಅಂದರೆ ಇವತ್ತಿನ ಮಳೆ ಹತ್ತು ದಿನದ ಹಿಂದಿನದೇ ಮಳೆ. ಮೇಕೆ ಲೋಟ ಒದೆಯುವ ಮುಂಚಿನ ಹತ್ತು ದಿನದಲ್ಲಿ ಬಂದ ಮಳೆ ನಾಲ್ಕು, ಸೊನ್ನೆ, ಸೊನ್ನೆ, ಎಂಟು, ಸೊನ್ನೆ, ಸೊನ್ನೆ, ಆರು, ಮತ್ತೆ ಮೂರು ಸೊನ್ನೆ. ಅದೇ ಹತ್ತು ಸಾಲು ಗಾಣದೆತ್ತಿನಂತೆ ಎರಡು ವರ್ಷ ಸುತ್ತಿತ್ತು. ಬೇಸಿಗೆಯಲ್ಲೂ ಸುತ್ತಿತ್ತು, ಸಂಕ್ರಾಂತಿಯಲ್ಲೂ ಸುತ್ತಿತ್ತು. ವರ್ಷಕ್ಕೆ ಕೂಡಿದರೆ ಆರುನೂರ ಐವತ್ತು ಮಿಲಿಮೀಟರ್ ಚಿಲ್ಲರೆ. ತುಮಕೂರು ಸೀಮೆಯ ಮಳೆಗೆ ಹೆಚ್ಚುಕಡಿಮೆ ಸರಿಹೋಗುವ ಮೊತ್ತ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಇಬ್ಬರು ಕುರುಡರು ಒಬ್ಬರ ಕೈ ಒಬ್ಬರು ಹಿಡಿದು, ದಾರಿ ತೋರಿಸುತ್ತಿರುವವನು ಅವನೇ ಎಂದು ನಂಬಿ ನಡೆದಿದ್ದರು.

"ಬೋರಣ್ಣ, ಬಾಯಿ ಬಿಡಬೇಡ. ಇವತ್ತೊಂದು ದಿನ ಕಳೀಲಿ. ಡಬ್ಬ ಆದ್ರೂ ಸರಿಯಾಗೈತಾ?"

"ಡಬ್ಬ ಐತೆ. ಮೇಲಿನ ಆಲಿಕೆ ಮಾತ್ರ ಕದರಯ್ಯನ ಹತ್ರ ಐತೆ. ಲೋಟಾನೇ ಇಲ್ವಲ್ಲ, ಆಲಿಕೆ ಸುಮ್ನೆ ಯಾಕೆ ಕೊಳೀಬೇಕು ಅಂತ ಕೊಟ್ಟಿದ್ದೆ."

ಕದರಯ್ಯ ಊರಿನ ನ್ಯಾಯಬೆಲೆ ಅಂಗಡಿಯವನು. ಅವತ್ತು ಸೀಮೆಎಣ್ಣೆ ಕೊಡುವ ದಿನ. ಅಂಗಡಿಯ ಮುಂದೆ ಕ್ಯಾನುಗಳ ಸಾಲು ಅರಳಿಕಟ್ಟೆಯ ತನಕ ಹೋಗಿತ್ತು. ವಿಜ್ಞಾನದ ಆ ಆಲಿಕೆ ಒಂದೊಂದೇ ಕ್ಯಾನಿನ ಬಾಯಿಗೆ ಕೂತು ಏಳುತ್ತಿತ್ತು.

"ಕದರಯ್ಯ, ಆಲಿಕೆ ಕೊಡಪ್ಪ. ಸರ್ಕಾರದ್ದು."

"ಸೀಮೆಎಣ್ಣೇನೂ ಸರ್ಕಾರದ್ದೇ ಅಲ್ವಾ? ಸಾಲಲ್ಲಿ ನಲವತ್ತು ಜನ ಅವ್ರೆ, ಮುಗೀಲಿ ಇರಿ" ಎಂದ ಕದರಯ್ಯ, ತಲೆಯೆತ್ತದೆ.

ಪುಟ್ಟರಂಗಯ್ಯ ಬೇಡಿಕೊಂಡ, ಗದರಿಕೊಂಡ, ಕೊನೆಗೆ ತಾನೇ ಅಂಗಡಿಯೊಳಗೆ ನಿಂತು ಸೀಮೆಎಣ್ಣೆ ಹುಯ್ದ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಲಿಕೆ ಕೈಗೆ ಬಂತು. ಅವನ ಇಸ್ತ್ರಿ ಅಂಗಿಯೂ ಆಲಿಕೆಯೂ ಒಂದೇ ವಾಸನೆ ಹೊಡೆಯುತ್ತಿದ್ದವು. ಓಡಿಬಂದು ಡಬ್ಬಕ್ಕೆ ಕೂರಿಸಲು ಹೋದರೆ ಡಬ್ಬದಲ್ಲಿ ನೀರಿತ್ತು.

ಆಸ್ಪತ್ರೆಯ ಆಯಾ ಕರಿಬಸಮ್ಮ ಪೊರಕೆ ಹಿಡಿದು ಹೆಮ್ಮೆಯಿಂದ ನಿಂತಿದ್ದಳು. "ನಾನೇ ಹಾಕ್ದೆ ಕಣಪ್ಪ, ಒಂದ್ ಚೆಂಬು. ದೊಡ್ಡೋರು ಬಂದಾಗ ಡಬ್ಬ ಖಾಲಿ ಇದ್ರೆ ಏನ್ ಚೆಂದ? ಅಂಗಳಕ್ಕೂ ಎರಡು ಕೊಡ ನೀರು ಹಾಕಿವ್ನಿ, ಧೂಳು ಏಳ್ದಂಗೆ."

ಬೈಯಲು ಪುಟ್ಟರಂಗಯ್ಯ ಬಾಯಿ ತೆರೆದ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಗಡಿಬಿಡಿಯಲ್ಲಿ ಅವನು ಆಲಿಕೆಯನ್ನು ಹಾಗೇ ಕೂರಿಸಿದ, ಅದರಲ್ಲಿ ಉಳಿದಿದ್ದ ಸೀಮೆಎಣ್ಣೆ ನೀರಿಗೆ ತೊಟ್ಟಿಕ್ಕಿತು.

ಜೀಪಿನಿಂದ ಇಳಿದವರು ಇಬ್ಬರು. ಪ್ರೊಫೆಸರ್ ವೆಂಕಟೇಶಯ್ಯ ಮಳೆಯವರು. ನರೆತ ಗಡ್ಡ, ಆಕಾಶ ನೋಡಿ ನೋಡಿ ಹಿಂದಕ್ಕೆ ವಾಲಿದ ಕತ್ತು. ಡಾಕ್ಟರ್ ಸ್ವರ್ಣಲತಾ ಜ್ವರದವರು; ನೆಲ ಬಿಟ್ಟು ಬೇರೆ ಕಡೆ ನೋಡುತ್ತಲೇ ಇರಲಿಲ್ಲ, ಎಲ್ಲಿ ನೀರು ನಿಂತಿದೆ ಎಂದು. ಇಬ್ಬರೂ ಒದ್ದೆ ಅಂಗಳಕ್ಕೆ ಕಾಲಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತುಮಕೂರಲ್ಲಿ ಒಂದು ಹನಿ ಇಲ್ಲ, ಗುಬ್ಬೀಲಿ ಇಲ್ಲ" ಎಂದರು ಪ್ರೊಫೆಸರ್. "ಇಲ್ಲಿ ಮಾತ್ರ ನೆಲ ಒದ್ದೆ. ನಾನು ಹೇಳಿರಲಿಲ್ಲವಾ ಮೇಡಂ, ಚಕ್ರದ ಪ್ರಕಾರ ಇವತ್ತು ಇಲ್ಲಿ ಎಂಟು ಮಿಲಿಮೀಟರ್ ಬರಲೇಬೇಕು ಅಂತ?"

ಅವರು ಮಳೆಮಾಪಕದ ಹತ್ತಿರ ಬಗ್ಗಿದವರು ಮೂಗರಳಿಸಿದರು. "ಇದರಲ್ಲಿ ಸೀಮೆಎಣ್ಣೆ ವಾಸನೆ ಬರುತ್ತಲ್ಲ?"

ಪುಟ್ಟರಂಗಯ್ಯನ ಕಣ್ಣ ಮುಂದೆ ಕುಣಿಗಲ್ ಬಸ್ಸು ಅವನನ್ನು ಬಿಟ್ಟು ಹೊರಟಂತಾಯಿತು. ಆದರೆ ಸ್ವರ್ಣಲತಾ ಮೇಡಂ ಮುಂದೆ ಬಂದು, ಆಲಿಕೆ ಎತ್ತಿ, ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಪದರ ನೋಡಿ ಹಿಗ್ಗಿಹೋದರು.

"ಎಷ್ಟು ಬುದ್ಧಿವಂತರು ನೋಡಿ. ಎಣ್ಣೆಪದರ ಇದ್ದರೆ ಸೊಳ್ಳೆ ಮರಿಗೆ ಉಸಿರಾಟ ಇಲ್ಲ. ನಿಮ್ಮ ಮಳೆ ಡಬ್ಬದಲ್ಲೇ ಸೊಳ್ಳೆ ಹುಟ್ಟಬಾರದು ಅಂತ ಹಾಕಿದ್ದಾರೆ."

"ಇಲ್ಲ ಇಲ್ಲ, ಅದು ಆವಿಯಾಗದೆ ಇರಲಿ ಅಂತ" ಎಂದರು ಪ್ರೊಫೆಸರ್. "ಕಾಡುಮೇಡಿನ ಮಳೆಮಾಪಕಗಳಿಗೆ ನಾವೂ ಎಣ್ಣೆ ಹಾಕುತ್ತೇವೆ. ಇದನ್ನ ಇವರಿಗೆ ಯಾರು ಹೇಳಿಕೊಟ್ಟರು?"

"ಎರಡೂ ಕಾರಣಕ್ಕೆ ಹಾಕಿದ್ದು ಸಾರ್" ಎಂದುಬಿಟ್ಟರು ಡಾಕ್ಟರು ಲಕ್ಷ್ಮೀಕಾಂತ್, ತಮ್ಮ ಆಸ್ಪತ್ರೆಯ ಮರ್ಯಾದೆಗೆ. ಇಬ್ಬರು ವಿಜ್ಞಾನಿಗಳೂ ಕೈ ಕುಲುಕಿಕೊಂಡರು. ಮೂರು ವರ್ಷದಿಂದ ಸಭೆಗಳಲ್ಲಿ ಕೂಡಿಬರದಿದ್ದ ಎರಡು ಶಾಸ್ತ್ರ ಕದರಯ್ಯನ ಸೀಮೆಎಣ್ಣೆಯಲ್ಲಿ ಕೂಡಿದ್ದವು.

ಅಳತೆ ನೋಡಬೇಕಲ್ಲ. ಪುಟ್ಟರಂಗಯ್ಯ ಔಷಧಿ ಕೊಡುವ ಔನ್ಸ್ ಗ್ಲಾಸು ತಂದು ಬೆನ್ನು ತಿರುಗಿಸಿ ನೀರು ಬಗ್ಗಿಸಿ, "ಎಂಟು ಸಾರ್" ಎಂದ. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗ್ಲಾಸಿನ ಕಡೆ ಅವರು ನೋಡಲೇ ಇಲ್ಲ.

"ಚಕ್ರದ ಪ್ರಕಾರ ಹತ್ತು ದಿನದ ಹಿಂದೆಯೂ ಎಂಟೇ. ಹಾಗಾದರೆ ಇವತ್ತು ನಾಲ್ಕು ಜ್ವರ ಇರಬೇಕು" ಎಂದರು ಮೇಡಂ. "ಆ ನಾಲ್ವರನ್ನ ನಾನು ನೋಡಬೇಕಲ್ಲ."

ಊರಿನಲ್ಲಿ ಅವತ್ತು ಜ್ವರದವರು ಒಬ್ಬರೂ ಇರಲಿಲ್ಲ. ಪುಟ್ಟರಂಗಯ್ಯ ಕರಿಬಸಮ್ಮನ ಮುಖ ನೋಡಿದ. ಕರಿಬಸಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಅವಳು ಯಾರಿಗೆ ಏನು ಹೇಳಿದಳೋ, ಕಾಲು ಗಂಟೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕಂಬಳಿ ಹೊದ್ದ ನಾಲ್ವರು ಕೂತಿದ್ದರು: ಚಿಕ್ಕಬೋರಯ್ಯ, ಅಂಗಡಿ ಮುಚ್ಚಿ ಬಂದ ಕದರಯ್ಯ, ಸೀಮೆಎಣ್ಣೆ ಸಾಲಿನ ಇಬ್ಬರು. ನಾಲ್ವರ ಕೈಯಲ್ಲೂ ಹೊಗೆಯಾಡುವ ಟೀ.

"ಬಾಯಲ್ಲಿ ಇಟ್ಕಳ್ಳಿ, ನುಂಗ್ಬೇಡಿ" ಎಂದು ಕರಿಬಸಮ್ಮ ಮೆಲ್ಲಗೆ ಹೇಳಿ, ಥರ್ಮಾಮೀಟರ್ ಬರುವ ಹೊತ್ತಿಗೆ ಲೋಟ ಕಿತ್ತುಕೊಂಡಳು.

ಕದರಯ್ಯನಿಗೆ ನೂರಾಒಂದು. ಸಾಲಿನಿಂದ ಬಂದ ಇಬ್ಬರಿಗೆ ನೂರಾಎರಡು. ಚಿಕ್ಕಬೋರಯ್ಯ ಟೀಯನ್ನು ತುಂಬ ನಿಷ್ಠೆಯಿಂದ ಬಾಯಲ್ಲಿಟ್ಟುಕೊಂಡಿದ್ದರಿಂದ ಅವನಿಗೆ ನೂರಾನಾಲ್ಕು ಬಂತು. ಮೇಡಂ ಗಾಬರಿಯಾಗಿ ತಾವೇ ಅವನ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದು, ನಾಲ್ಕು ಕಹಿ ಮಾತ್ರೆ ಕಣ್ಣೆದುರಿಗೇ ನುಂಗಿಸಿದರು.

"ಹೆಂಗಿದ್ಯಪ್ಪ?" ಎಂದು ಕೇಳಿದರು.

"ಈಗ ಜ್ವರ ಬಂದಂಗೈತೆ ತಾಯಿ" ಎಂದ ಚಿಕ್ಕಬೋರಯ್ಯ. ಅವತ್ತು ಅವನು ಆಡಿದ ಮಾತಿನಲ್ಲೆಲ್ಲ ಸತ್ಯವಾದದ್ದು ಅದೇ. ಆಮೇಲೆ ಬೆಂಚಿನ ಮೇಲೆಯೇ ಕಂಬಳಿ ಎಳೆದುಕೊಂಡು ಮಲಗಿದ.

ಹನ್ನೆರಡೂವರೆಗೆ ಡಾಕ್ಟರ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಸಭೆ ಕೂತಿತು. ಪುಟ್ಟರಂಗಯ್ಯನಿಗೂ ಒಂದು ಕುರ್ಚಿ ಕೊಟ್ಟರು. ಎರಡು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಎಲ್ಲ ಗಂಡಾಂತರ ಕಳೆಯಿತು ಎಂದುಕೊಂಡು ಅವನು ಮನಸ್ಸಿನಲ್ಲೇ ಕುಣಿಗಲ್ಲಿನ ಬಾಡಿಗೆ ಮನೆಯ ಮಂಚವನ್ನು ಕಿಟಕಿಯ ಕಡೆಗೆ ಜರುಗಿಸುತ್ತಿದ್ದ. ದಿನಾ ಸಾಯಂಕಾಲ ಹೆಂಡತಿಯ ಕೈಯ ಕಾಫಿ. ಸೋಮವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದಳಲ್ಲ, ಅದು ಇನ್ನಿಲ್ಲ.

"ಜಗತ್ತಿನಲ್ಲಿ ಎಲ್ಲೇ ಹೋಗಿ" ಎಂದು ಪ್ರೊಫೆಸರ್ ಶುರುಮಾಡಿದರು, "ಮಳೆಗೂ ಜ್ವರಕ್ಕೂ ನೂರಕ್ಕೆ ಅರವತ್ತು ಹೊಂದಿಕೆ ಸಿಕ್ಕಿದರೆ ಹಬ್ಬ ಮಾಡ್ತಾರೆ. ನಿಮ್ಮ ಊರಲ್ಲಿ ನೂರಕ್ಕೆ ನೂರು. ಜೊತೆಗೆ ಹತ್ತು ದಿನದ ಚಕ್ರ. ಇಂಥದು ಯಾವ ದೇಶದಲ್ಲೂ ಇಲ್ಲ."

"ಇದೆಲ್ಲ ಪುಟ್ಟರಂಗಯ್ಯನವರ ಶ್ರಮ" ಎಂದರು ಡಾಕ್ಟರು. "ಪಾಪ, ಅವರು ಕುಣಿಗಲ್ಲಿಗೆ ವರ್ಗ ಕೇಳಿದ್ದಾರೆ. ತಾವೊಂದು ಮಾತು..."

"ವರ್ಗ ಅಂದ್ರೆ?" ಮೇಡಂ ಹೌಹಾರಿದರು. "ಸಾಧ್ಯವೇ ಇಲ್ಲ. ಇಂಥ ಸರಣಿ ಒಂದೇ ಕಣ್ಣು, ಒಂದೇ ಕೈಯಿಂದ ಬರಬೇಕು. ಇನ್ನೂ ಹತ್ತು ವರ್ಷ ಇವರನ್ನ ಇಲ್ಲಿಂದ ಕದಲಿಸಬಾರದು ಅಂತ ನಾನೇ ಜಿಲ್ಲೆಯವರಿಗೆ ಬರೀತೀನಿ."

"ನಾನೂ ಸಹಿ ಹಾಕ್ತೀನಿ" ಎಂದರು ಪ್ರೊಫೆಸರ್.

ಸುಳ್ಳಿಗೆ ಹೊಗಳಿಕೆ ಬಂದಾಗ ಪುಟ್ಟರಂಗಯ್ಯ ಸುಮ್ಮನಿದ್ದ. ಸುಳ್ಳು ಹೆಂಡತಿಯನ್ನೇ ದೂರ ಮಾಡುತ್ತದೆ ಎಂದಾಗ ಸುಮ್ಮನಿರಲಾರದೆ ಹೋದ. ಹತ್ತು ವರ್ಷ ಅಂದರೆ ಐನೂರು ಶನಿವಾರ. ಅವನಿಗೆ ಕಣ್ಣಲ್ಲಿ ನೀರೇ ಬಂತು. ನಿಜ ಹೇಳಿಬಿಟ್ಟರೆ ಶಿಕ್ಷೆ ಎಂದು ಎಲ್ಲಿಗಾದರೂ ಎತ್ತಿಹಾಕುತ್ತಾರೆ, ಎಲ್ಲಿಗೆ ಹಾಕಿದರೂ ಅದು ಮುದ್ದೇನಕಟ್ಟೆಗಿಂತ ಕುಣಿಗಲ್ಲಿಗೆ ಹತ್ತಿರವೇ ಇದ್ದೀತು ಎಂದು ಎದ್ದು ನಿಂತ.

"ಸಾರ್, ಮೇಡಂ, ತಪ್ಪಾಯ್ತು. ಅದು ಚಕ್ರ ಅಲ್ಲ. ನಾನು ಅವನ ಬುಕ್ಕು ನೋಡಿ ಬರ್ದೆ, ಅವನು ನನ್ನ ಬುಕ್ಕು ನೋಡಿ ಬರ್ದ. ಲೋಟ ಒಡೆದು ಎರಡು ವರ್ಷ ಆಯ್ತು. ಇವತ್ತಿನ ಮಳೆ ಕರಿಬಸಮ್ಮನ ಚೆಂಬಿಂದು, ಜ್ವರ ಟೀದು."

ಡಾಕ್ಟರು ಲಕ್ಷ್ಮೀಕಾಂತ್ ಗೋಡೆಯ ಮೇಲಿನ ಕುಟುಂಬ ಯೋಜನೆಯ ಪೋಸ್ಟರನ್ನು ಮೊದಲ ಸಲ ಓದುವವರಂತೆ ಓದತೊಡಗಿದರು.

"ನಿಮ್ಮ ಜ್ವರ ಸುಳ್ಳು ಅಂತಾಯ್ತು ಮೇಡಂ" ಎಂದರು ಪ್ರೊಫೆಸರ್ ಕೊನೆಗೆ.

"ಮೊದಲು ಸುಳ್ಳಾದದ್ದು ನಿಮ್ಮ ಮಳೆ. ಲೋಟ ನಿಮ್ಮ ಇಲಾಖೇದು."

"ಲೋಟ ಒಡೆದ ಮೇಲೂ ಆ ನೀರಗಂಟಿ ನಿಮ್ಮವರನ್ನ ನಂಬಿದ. ಹಳ್ಳಿಯವನ ನಂಬಿಕೆ ಕೆಡಿಸಿದ್ದು ಆರೋಗ್ಯದವರು."

"ಎರಡು ವರ್ಷ ಬೇಸಿಗೇಲಿ ಮಳೆ ಬಂತು ಅಂದ್ರೆ ನಿಮಗಾದ್ರೂ ಅನುಮಾನ ಬರಬಾರದಿತ್ತಾ?"

"ಹವಾಮಾನ ಬದಲಾವಣೆ ಅಂದ್ಕೊಂಡೆ" ಎಂದರು ಪ್ರೊಫೆಸರ್, ದನಿ ತಗ್ಗಿಸಿ.

ಅರ್ಧ ಗಂಟೆ ಹೀಗೆ ನಡೆಯಿತು. ಮಳೆಯವರು ಜ್ವರದವರ ಮೇಲೆ, ಜ್ವರದವರು ಮಳೆಯವರ ಮೇಲೆ. ಇನ್ನು ಜೀಪಿನಲ್ಲಿ ಇಬ್ಬರೂ ಒಟ್ಟಿಗೆ ಕೂರುವುದೂ ಕಷ್ಟ ಎನ್ನುವಂತಾದಾಗ ಡಾಕ್ಟರು, "ಇವರನ್ನ ಏನು ಮಾಡೋಣ ಹೇಳಿ. ಬೇರೆ ಎಲ್ಲಾದರೂ ಹಾಕಿಸಲಾ?" ಎಂದು ಕೇಳಿದರು. ಪುಟ್ಟರಂಗಯ್ಯ ಒಂದು ಹೆಜ್ಜೆ ಮುಂದೆ ಬಂದ.

ಇಬ್ಬರು ವಿಜ್ಞಾನಿಗಳೂ ಅವನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಅವರು ಒಪ್ಪಿದ್ದು ಒಂದೇ ಮಾತಿಗೆ.

"ಎಲ್ಲಿಗೂ ಬೇಡ" ಎಂದರು ಮೇಡಂ. "ಎರಡು ವರ್ಷ ಹಾಳು ಮಾಡಿದವರೇ ಕೂತು ಸರಿ ಮಾಡಲಿ. ಇವತ್ತಿಂದ ಹೊಸದಾಗಿ ಹತ್ತು ವರ್ಷ."

"ಶನಿವಾರ, ಭಾನುವಾರನೂ ಸೇರಿ" ಎಂದರು ಪ್ರೊಫೆಸರ್. "ಕೆಟ್ಟದ್ದು ಶುರುವಾದದ್ದೇ ಅಲ್ಲಿಂದ."

"ಒಪ್ಪಿದೆ" ಎಂದರು ಮೇಡಂ.

ಬೀಗರು ಮತ್ತೆ ಒಂದಾಗಿ ಜೀಪು ಹತ್ತಿದರು. ಎರಡು ಗಂಟೆಯ ಬಸ್ಸು ಆಸ್ಪತ್ರೆಯ ಮುಂದೆ ನಿಂತು, ದಿನದಂತೆ ಎರಡು ಸಲ ಹಾರನ್ ಹೊಡೆದು, ಕಾದು, ಹೋಯಿತು. ಪುಟ್ಟರಂಗಯ್ಯ ಕೊಬ್ಬರಿಯ ಬ್ಯಾಗು ಹಿಡಿದು ಕದರಯ್ಯನ ಅಂಗಡಿಯ ಮೂಲೆಯಲ್ಲಿದ್ದ ಎಸ್‌ಟಿಡಿ ಬೂತಿಗೆ ನಡೆದ. ಕದರಯ್ಯ ಜ್ವರ ಬಿಟ್ಟು ಎದ್ದು ಮತ್ತೆ ಅಂಗಡಿಯಲ್ಲಿ ಕೂತಿದ್ದ. ಗಾಜಿನ ಬಾಗಿಲು ಮುಚ್ಚಿಕೊಂಡರೂ ಅವನ ಕಿವಿ ಬಾಗಿಲಿಗೇ ಅಂಟಿಕೊಂಡಿತ್ತು.

ಮಂಜುಶ್ರೀಗೆ ಸ್ವಂತ ಫೋನಿರಲಿಲ್ಲ. ಮನೆ ಓನರ್ ಕರೆದು ಕೊಡುವತನಕ ಬೂತಿನ ಮೀಟರಿನಲ್ಲಿ ದುಡ್ಡಿನ ಕೆಂಪು ಅಂಕಿಗಳು ಓಡುತ್ತಲೇ ಇದ್ದವು.

"ಹೇಳಿ, ಗುಬ್ಬಿಗೆ ಬಂದ್ರಾ?" ಎಂದಳು ಅವಳು, ಓಡಿಬಂದ ಏದುಸಿರಿನಲ್ಲಿ.

"ಇಲ್ಲ ಕಣೇ. ಇವತ್ತು ಬರಕ್ಕಾಗಲ್ಲ. ಬರೋ ಶನಿವಾರಾನೂ ಆಗಲ್ಲ." ಮೇಕೆಯಿಂದ ಶುರುಮಾಡಿ ಹತ್ತು ವರ್ಷದ ತನಕ ಒಂದೂ ಬಿಡದೆ ಹೇಳಿದ. ಎರಡು ವರ್ಷದಿಂದ ಅವಳಿಗೂ ಹೇಳಿರದಿದ್ದ ವಿಷಯ ಅದು.

"ಕೇಳಿಸ್ತಾ?"

"ಕೇಳಿಸ್ತು."

"ಬೈಯೋದಿದ್ರೆ ಬೈದುಬಿಡು."

"ಬೈಯಲ್ಲ. ಮಂಗಳವಾರ ನನಗೆ ಗುಬ್ಬಿಗೆ ಟ್ರಾನ್ಸ್‌ಫರ್ ಆಗಿತ್ತು ಕಣ್ರೀ. ನೀವು ಬಂದಾಗ ಎದುರಿಗೇ ಹೇಳೋಣ ಅಂತ ಬಚ್ಚಿಟ್ಕೊಂಡಿದ್ದೆ. ಗುರುವಾರ ನಿಮ್ಮ ಕಾಗದ ಬಂತು. ಕುಣಿಗಲ್ ಖಂಡಿತ ಆಗುತ್ತೆ, ನೀನು ಎಲ್ಲೂ ಅಲ್ಲಾಡಬೇಡ ಅಂತ ಬರ್ದಿದ್ರಿ. ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ, ಗುಬ್ಬಿ ಬೇಡ ಅಂತ ಬರ್ದುಕೊಟ್ಟು ಬಂದೆ."

"ವಾಪಸ್ ತಗೊಳ್ಳಕ್ಕಾಗಲ್ವಾ?"

"ಅದೇ ಜಾಗಕ್ಕೆ ಒಬ್ರು ಮೇಡಂ ಅಲ್ಲೇ ಕಾಯ್ತಾ ಕೂತಿದ್ರು. ನಾನು ಸಹಿ ಹಾಕೋ ಮುಂಚೆನೇ ಥ್ಯಾಂಕ್ಸ್ ಅಂದ್ರು."

ಪುಟ್ಟರಂಗಯ್ಯ ಗಾಜಿಗೆ ಹಣೆಯಿಟ್ಟು ನಿಂತ. ಆ ಕಡೆ ಮಂಜುಶ್ರೀ ಬಿಕ್ಕುತ್ತಿರುವುದು ಕೇಳಿಸಿತು. ಸಮಾಧಾನ ಹೇಳಬೇಕೆಂದು ಕಿವಿಗೊಟ್ಟರೆ ಅವಳು ಅಳುತ್ತಿರಲಿಲ್ಲ, ನಗು ತಡೆಯಲಾರದೆ ಒದ್ದಾಡುತ್ತಿದ್ದಳು. "ನೂರಾನಾಲ್ಕು ಬಂತಾ ಬೋರಣ್ಣಂಗೆ?" ಎಂದು ಕೇಳಿ ಮತ್ತೆ ನಕ್ಕಳು. ಆ ನಗು ಕೇಳಿ ಕೇಳಿ ಅವನಿಗೂ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ಇಬ್ಬರೂ ನಕ್ಕರು. ಏಳು ವರ್ಷದಲ್ಲಿ ಅವರು ಹಾಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲೇನೋ.

ಬಾಗಿಲಾಚೆ ನಿಂತಿದ್ದ ಕದರಯ್ಯನಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ಟ್ರಾನ್ಸ್‌ಫರ್ ಎಂದದ್ದು ಕೇಳಿಸಿತು, ನಗುವುದೂ ಕಣ್ಣೊರೆಸಿಕೊಳ್ಳುವುದೂ ಕಾಣಿಸಿತು. ಇಷ್ಟು ಸಾಕಲ್ಲ. "ಆಯ್ತಂತೆ ಕಣಮ್ಮ, ಕುಣಿಗಲ್ಗೆ. ಸಂತೋಸಕ್ಕೆ ಅಳ್ತಾವ್ನೆ ಪಾಪ" ಎಂದು ಕರಿಬಸಮ್ಮನಿಗೆ ಹೇಳಿದ. ಕರಿಬಸಮ್ಮ ಊರಿಗೆಲ್ಲ ಹೇಳಿದಳು.

ಸಾಯಂಕಾಲ ಐದಕ್ಕೆ ಆಸ್ಪತ್ರೆಯ ಅಂಗಳದಲ್ಲಿ ನಲವತ್ತು ಜನ ಸೇರಿದರು. ಚಿಕ್ಕಬೋರಯ್ಯ ಕಂಬಳಿ ಹೊದ್ದುಕೊಂಡೇ ಬಂದು, ಇಂಥಾ ಸತ್ಯವಂತ ನಮ್ಮೂರಿಗೆ ಇನ್ನು ಬರೋದಿಲ್ಲ ಎಂದು ಎರಡು ಮಾತಾಡಿ ಕಣ್ಣೊರೆಸಿಕೊಂಡ. ಕದರಯ್ಯ ಬಾಳೆಹಣ್ಣು ಹಂಚಿದ. ಕರಿಬಸಮ್ಮ ಚೆಂಡುಹೂವಿನ ದೊಡ್ಡ ಹಾರ ತಂದಳು. ಹೋಗುತ್ತಿಲ್ಲ, ಹತ್ತು ವರ್ಷ ಇಲ್ಲೇ ಇರುತ್ತೇನೆ ಎಂದು ಹೇಳಲು ಪುಟ್ಟರಂಗಯ್ಯ ಮೂರು ಸಲ ಬಾಯಿ ತೆರೆದ. ಆ ಮುಖಗಳನ್ನು ನೋಡಿ ನಾಲಿಗೆ ಏಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡು ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಂಡ.